ಗೀಜಗಕ್ಕೆ ಹುಲ್ಲು, ಮೈನಾಕ್ಕೆ ಹಣ್ಣು: ಕಾಳು ಹಾಕಿ ಸಾಕಲಾಗದ ಹಕ್ಕಿಗಳು

ಹಳದಿ ತಲೆಯ ಪುಟ್ಟ ಹಕ್ಕಿಯೊಂದು ಹಸಿರು ಎಳೆ ಹಿಡಿದು ಗೂಡು ನೇಯುವ ವಿಡಿಯೊ, ಮನುಷ್ಯರ ಹಾಗೆ ಮಾತಾಡುವ ಮೈನಾದ ವಿಡಿಯೊ ಫೋನಿನಿಂದ ಫೋನಿಗೆ ಹರಿದಾಡುತ್ತಲೇ ಇರುತ್ತವೆ. ನೋಡಿದವರ ಮೊದಲ ಪ್ರಶ್ನೆ: ಇದನ್ನು ಮನೆಯಲ್ಲಿ ಸಾಕಬಹುದಾ? ಎರಡನೆಯದು: ಇದು ಏನು ತಿನ್ನುತ್ತೆ? ಉತ್ತರ ಹೇಳುವವರಲ್ಲಿ ಹೆಚ್ಚಿನವರು ಗಿಳಿಯನ್ನೋ ಲವ್‌ಬರ್ಡನ್ನೋ ಸಾಕಿದವರು. ಹಾಗಾಗಿ ಒಂದು ಪಂಜರ, ಒಂದು ಬಟ್ಟಲು ಕಾಳು, ಒಂದು ಬಟ್ಟಲು ನೀರು ಎಂದು ಹೇಳಿ ಮುಗಿಸುತ್ತಾರೆ. ಈ ಎರಡು ಬಗೆಯ ಹಕ್ಕಿಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ನೇಕಾರ ಹಕ್ಕಿಗೆ ಊಟ ಎಷ್ಟು ಬೇಕೋ ಕೆಲಸವೂ ಅಷ್ಟೇ ಬೇಕು. ಸಾಫ್ಟ್‌ಬಿಲ್ ಎನ್ನುವ ಮೈನಾ, ಪಿಕಳಾರದಂಥ ಹಕ್ಕಿಗಳಿಗೆ ದಿನದಿನವೂ ತಾಜಾ ತಯಾರಿಸಿದ, ಅಳತೆ ತಪ್ಪದ ಊಟ ಬೇಕು. ಇವೆರಡೂ ಏಕೆ ಬೇಕು ಎಂಬುದು ಅರ್ಥವಾದರೆ ಸಾಕುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಕಷ್ಟವಾಗದು.

ಯಾವ ಹಕ್ಕಿಗಳ ಮಾತು ಇದು?

ನೇಕಾರ ಹಕ್ಕಿಗಳದ್ದು ಪ್ಲೋಸಿಡೇ ಎಂಬ ಒಂದು ಕುಟುಂಬ. ಇದರಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದವು. ಏಷ್ಯಾದಲ್ಲಿ ಇರುವುದು ಐದೇ. ನಮಗೆ ಪರಿಚಿತವಾದ ಗೀಜಗ ಅದರಲ್ಲೊಂದು. ಸಂತಾನದ ಕಾಲದಲ್ಲಿ ಕೆಂಡದ ಬಣ್ಣಕ್ಕೆ ತಿರುಗುವ ಬಿಷಪ್ ಹಕ್ಕಿಗಳು, ಉದ್ದ ಬಾಲದ ವಿಡೋಬರ್ಡ್‌ಗಳು, ಕಾಡುಹಕ್ಕಿಗಳಲ್ಲೆಲ್ಲ ಅತಿ ಹೆಚ್ಚು ಸಂಖ್ಯೆಯಲ್ಲಿದೆ ಎನ್ನಲಾಗುವ ಕೆಂಪು ಕೊಕ್ಕಿನ ಕ್ವೀಲಿಯಾ ಎಲ್ಲವೂ ಇದೇ ಕುಟುಂಬದವು.

ಸಾಫ್ಟ್‌ಬಿಲ್ ಎಂಬುದು ಒಂದು ಕುಟುಂಬದ ಹೆಸರಲ್ಲ. ಹಕ್ಕಿ ಸಾಕುವವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಗುಂಪು ಅದು. ಗಟ್ಟಿ ಕಾಳನ್ನು ಒಡೆದು ತಿನ್ನದೆ ಹಣ್ಣು, ಮಕರಂದ, ಹುಳಹುಪ್ಪಟೆಯಂಥ ಮೆದು ಆಹಾರದಲ್ಲಿ ಬದುಕುವ ಹಕ್ಕಿಗಳೆಲ್ಲ ಇದರಲ್ಲಿ ಸೇರುತ್ತವೆ: ಪಿಕಳಾರ, ಮೈನಾ, ಬೆಳ್ಗಣ್ಣ, ಸೂರಕ್ಕಿ, ಎಲೆಹಕ್ಕಿ, ಶಾಮಾ, ಕುಟ್ರುಹಕ್ಕಿ, ಅಮೆರಿಕ ಖಂಡದ ಕಾಡುಗಳ ದೊಡ್ಡ ಕೊಕ್ಕಿನ ಟೂಕನ್, ಮಂಗಟ್ಟೆ. ಬೆರಳುದ್ದದ ಸೂರಕ್ಕಿಯೂ ಭಾರಿ ಕೊಕ್ಕಿನ ಮಂಗಟ್ಟೆಯೂ ಒಂದೇ ಗುಂಪಿನಲ್ಲಿ ಇರುವುದರಿಂದ "ಸಾಫ್ಟ್‌ಬಿಲ್‌ಗೆ ಏನು ಹಾಕಬೇಕು" ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಲು ಸಾಧ್ಯವೇ ಇಲ್ಲ. ಯಾವ ಹಕ್ಕಿ ಎಂದು ಮೊದಲು ತಿಳಿಯಬೇಕು.

ನೇಯುವುದು ಹವ್ಯಾಸವಲ್ಲ, ಬದುಕು

ಗಂಡು ಗೀಜಗ ಎಳೆ ಕೀಳುವುದನ್ನು ಹತ್ತಿರದಿಂದ ನೋಡಬೇಕು. ಉದ್ದನೆಯ ಹುಲ್ಲುಗರಿಯ ಮೇಲೆ ಕೂತು, ಅದರ ಅಂಚಿಗೆ ಕೊಕ್ಕಿನಿಂದ ಒಂದು ಕಚ್ಚು ಹಾಕುತ್ತದೆ. ಕಚ್ಚು ಬಿದ್ದ ಜಾಗದಲ್ಲಿ ಅಂಚನ್ನು ಹಿಡಿದು ಗರಿಯ ತುದಿಯ ಕಡೆಗೆ ಹಾರುತ್ತದೆ. ಹಾರಿದ ರಭಸಕ್ಕೆ ಉದ್ದವಾದ, ಒಂದೇ ಅಗಲದ ಎಳೆ ಸೀಳಿ ಬರುತ್ತದೆ. ಅದನ್ನು ಕೊಂಬೆಯ ತುದಿಗೆ ತಂದು, ಒಂದು ಕೊನೆಯನ್ನು ಕಾಲಿನಡಿ ಒತ್ತಿಹಿಡಿದು, ಇನ್ನೊಂದು ಕೊನೆಯನ್ನು ಸುತ್ತಿ, ತೂರಿಸಿ, ಎಳೆದು ಬಿಗಿಯುತ್ತದೆ. ಇಂಥ ಎಳೆಗಳಿಂದ ಮೊದಲು ಒಂದು ಬಳೆ ಸಿದ್ಧವಾಗುತ್ತದೆ. ಮುಂದಿನ ಕೆಲಸವೆಲ್ಲ ಆ ಬಳೆಯಲ್ಲಿ ನಿಂತೇ ನಡೆಯುವುದು. ಹಕ್ಕಿಯ ಕೊಕ್ಕು ಎಷ್ಟು ದೂರ ಚಾಚುತ್ತದೋ ಅಷ್ಟು ದೊಡ್ಡದಾಗಿ ಗೂಡಿನ ಹೊಟ್ಟೆ ಬೆಳೆಯುತ್ತದೆ.

ಗೂಡು ಅರ್ಧಕ್ಕೆ ಬಂದಾಗ ಗಂಡು ಕೆಲಸ ನಿಲ್ಲಿಸುತ್ತದೆ. ಆಗ ಅದರ ಆಕಾರ ತಲೆಕೆಳಗಾದ ಬಟ್ಟಲಿನದು, ನಡುವೆ ಅಡ್ಡಲಾಗಿ ಒಂದು ಪಟ್ಟಿ. ಹೆಣ್ಣು ಬಂದು ಒಳಗೆ ಕೂರುತ್ತದೆ, ಎಳೆಗಳನ್ನು ಜಗ್ಗಿ ನೋಡುತ್ತದೆ. ಒಪ್ಪಿದರೆ ಮಾತ್ರ ಗಂಡು ಮೊಟ್ಟೆಯ ಕೋಣೆಯನ್ನೂ ಕೆಳಕ್ಕೆ ಇಳಿಬೀಳುವ ಕೊಳವೆಯನ್ನೂ ನೇಯ್ದು ಮುಗಿಸುತ್ತದೆ. ಒಪ್ಪದಿದ್ದರೆ ಆ ಗೂಡು ಅರ್ಧಕ್ಕೇ ಉಳಿಯುತ್ತದೆ. ಒಂದು ಸಂಸಾರ ಕೂತ ಮೇಲೆ ಅದೇ ಗಂಡು ಇನ್ನೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಗೀಜಗದ ಈ ಬಹುಸಂಸಾರದ ರೀತಿಯನ್ನು ಪಕ್ಷಿತಜ್ಞ ಸಲೀಂ ಅಲಿ 1931ರಲ್ಲಿ ವಿವರಿಸಿದ್ದರು. ಆಫ್ರಿಕಾದ ವಿಲೇಜ್ ವೀವರ್ ಎಂಬ ನೇಕಾರ ಹಕ್ಕಿ ಸ್ವಲ್ಪ ಬೇರೆ. ಹೆಣ್ಣು ಒಪ್ಪದೆ ಗೂಡು ಒಣಗಿ ಕಂದಾದರೆ ಗಂಡೇ ಅದನ್ನು ಕಿತ್ತುಹಾಕಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ.

ಸಾಕುವವರಿಗೆ ಇಲ್ಲಿ ಮುಖ್ಯವಾದ ಪ್ರಶ್ನೆಯೊಂದಿದೆ. ನೇಯುವ ವಿದ್ಯೆ ಹುಟ್ಟಿನಿಂದ ಬಂದದ್ದೋ, ಕಲಿತದ್ದೋ? ಅಮೆರಿಕದ ವಿಜ್ಞಾನಿ ದಂಪತಿ ನಿಕೋಲಸ್ ಮತ್ತು ಎಲ್ಸಿ ಕೊಲಿಯಾಸ್ ವಿಲೇಜ್ ವೀವರ್‌ಗಳನ್ನು ದೊಡ್ಡ ಹಕ್ಕಿಮನೆಯಲ್ಲಿ ಸಾಕಿ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದರು. 1964ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ನೇಯಬೇಕೆಂಬ ತುಡಿತ ಹುಟ್ಟಿನಿಂದಲೇ ಇರುತ್ತದೆ, ಆದರೆ ಕೈಚಳಕ ಬರುವುದು ಅಭ್ಯಾಸದಿಂದ. ಎಳೆಯ ಗಂಡುಗಳು ಸಿಕ್ಕಿದ್ದನ್ನೆಲ್ಲ ಸುತ್ತಿ ಬಿಚ್ಚಿ ಆಡುತ್ತವೆ, ಒರಟಾದ ಗೂಡುಗಳನ್ನು ಕಟ್ಟುತ್ತವೆ. ಹಸಿರು ಎಳೆಗಳೇ ಸಿಗದಂತೆ ಬೆಳೆಸಿದ ಗಂಡುಗಳಿಗೆ ಆಮೇಲೆ ಎಳೆ ಕೊಟ್ಟಾಗ ಮೊದಮೊದಲು ಒಂದನ್ನೂ ಸರಿಯಾಗಿ ನೇಯಲು ಬರಲಿಲ್ಲ. ಬೇರೆ ಬೇರೆ ಬಣ್ಣದ ಎಳೆಗಳನ್ನು ಮುಂದಿಟ್ಟಾಗ ಅವು ಹಸಿರನ್ನೇ ಹೆಚ್ಚು ಆರಿಸಿಕೊಂಡವು. ಹಸಿ ಎಳೆ ಬಾಗುತ್ತದೆ, ಒಣಗಿದ್ದು ಮುರಿಯುತ್ತದೆ ಎಂಬುದನ್ನು ನೆನೆದರೆ ಈ ಆಯ್ಕೆ ಅರ್ಥವಾಗುತ್ತದೆ.

ಅಂದರೆ ಹಕ್ಕಿಮನೆಗೆ ತಾಜಾ, ಉದ್ದನೆಯ ಹುಲ್ಲು, ಜೊಂಡು, ತಾಳೆಜಾತಿಯ ಗರಿಗಳು ನಿತ್ಯವೂ ಬೇಕು. ಮರಿಗಂಡುಗಳಿಗೂ ಬೇಕು. ಕೀಟನಾಶಕ ಬಿದ್ದ ಹುಲ್ಲು ಕೂಡದು. ಹುಲ್ಲಿನ ಬದಲು ನೂಲು, ನೈಲಾನ್ ದಾರ ಕೊಡುವವರಿದ್ದಾರೆ, ಇದು ಅಪಾಯ. ಹುಲ್ಲು ಜಗ್ಗಿದರೆ ಹರಿಯುತ್ತದೆ, ದಾರ ಹರಿಯುವುದಿಲ್ಲ. ಕಾಲಿಗೆ ಸುತ್ತಿಕೊಂಡರೆ ಬಿಗಿಯುತ್ತಾ ಹೋಗಿ ರಕ್ತ ಓಡಾಡದೆ ಬೆರಳು, ಕೆಲವೊಮ್ಮೆ ಇಡೀ ಪಾದವೇ ಹೋಗುತ್ತದೆ. ಹುಲ್ಲನ್ನೇ ಕೊಡದಿದ್ದರೆ ಆ ತುಡಿತ ಸುಮ್ಮನಾಗದು. ಒಳಗೆ ನೆಟ್ಟ ಗಿಡಗಳ ಎಲೆಗಳೆಲ್ಲ ಸೀಳಿಹೋಗುತ್ತವೆ, ಜೊತೆಯ ಹಕ್ಕಿಗಳ ಗರಿ ಕೀಳುವುದು ಶುರುವಾಗುತ್ತದೆ.

ಜೊತೆ, ಜಾಗ, ಉಗುರು

ನೇಕಾರಗಳು ಗುಂಪಿನ ಹಕ್ಕಿಗಳು. ಒಂದು ಗಂಡು ಒಂದು ಹೆಣ್ಣನ್ನು ಸಣ್ಣ ಪಂಜರದಲ್ಲಿಟ್ಟರೆ ಗಂಡು ಆ ಒಂದೇ ಹೆಣ್ಣನ್ನು ಬಿಡದೆ ಅಟ್ಟಾಡಿಸುತ್ತದೆ, ಅದಕ್ಕೆ ಓಡಿ ಅಡಗಲು ಜಾಗವೂ ಇರುವುದಿಲ್ಲ. ಬಹುಸಂಸಾರದ ಪ್ರಭೇದಗಳಲ್ಲಿ ಒಂದು ಗಂಡಿಗೆ ಹಲವು ಹೆಣ್ಣುಗಳನ್ನು ಬಿಡುವುದೇ ಸರಿ. ಅದಕ್ಕೆ ಪಂಜರ ಸಾಲದು, ಹಾರಾಡುವಷ್ಟು ಉದ್ದದ ಹಕ್ಕಿಮನೆಯೇ ಬೇಕು. ಎತ್ತರಕ್ಕಿಂತ ಉದ್ದ ಮುಖ್ಯ. ಮುನಿಯದಂಥ ಸಣ್ಣ, ಸಾಧು ಹಕ್ಕಿಗಳನ್ನು ಇವುಗಳ ಜೊತೆ ಬಿಡಬಾರದು. ಗೂಡಿನ ಕಾಲದಲ್ಲಿ ನೇಕಾರಗಳು ಮೊಟ್ಟೆ ಒಡೆಯುತ್ತವೆ, ಸಣ್ಣವನ್ನು ಕುಕ್ಕಿ ಗಾಯ ಮಾಡುತ್ತವೆ.

ಕೊಳ್ಳುವವರು ಬೆಚ್ಚಿಬೀಳುವ ಸಂಗತಿ ಇನ್ನೊಂದಿದೆ. ಸಂತಾನದ ಕಾಲ ಮುಗಿದೊಡನೆ ಗಂಡಿನ ಹಳದಿಯೋ ಕೆಂಪೋ ಉದುರಿ, ಹಕ್ಕಿ ಹೆಣ್ಣುಗುಬ್ಬಿಯಂತೆ ಕಂದುಕಂದಾಗುತ್ತದೆ. ಅದು ಕಾಯಿಲೆಯಲ್ಲ, ಮುಂದಿನ ಋತುವಿಗೆ ಬಣ್ಣ ಮರಳುತ್ತದೆ. ಆದರೆ ಬಿಷಪ್ ಹಕ್ಕಿಯಂಥವುಗಳ ಕೆಂಪಿಗೆ ಬೇಕಾದ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯ ಆಹಾರದಿಂದಲೇ ಬರಬೇಕು. ಬರೀ ಒಣಕಾಳು ತಿಂದು ಬೆಳೆದದ್ದಕ್ಕೆ ಮರುವರ್ಷ ಮಂಕಾದ ಕಿತ್ತಳೆ ಗರಿ ಬರುತ್ತದೆ.

ನೇಕಾರಗಳ ಮೂಲ ಆಹಾರ ಸಿರಿಧಾನ್ಯ, ಹುಲ್ಲಿನ ಬೀಜ ಎಂಬುದು ನಿಜ. ಅದರ ಜೊತೆ ಮೊಳಕೆ ಬಂದ ಕಾಳು, ಹಸಿರು ಸೊಪ್ಪು, ಕ್ಯಾಲ್ಸಿಯಂಗೆ ಕಟಲ್ ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಬೇಕು. ಮರಿ ಮಾಡುವ ಕಾಲದಲ್ಲಿ ಹುಳು ಬೇಕೇ ಬೇಕು. ಕಾಳು ತಿನ್ನುವ ತಾಯಿಯೂ ಮರಿಗೆ ಮೊದಲ ದಿನಗಳಲ್ಲಿ ಉಣಿಸುವುದು ಹೆಚ್ಚಾಗಿ ಹುಳುಗಳನ್ನೇ. ಮರಿಯ ಬೆಳವಣಿಗೆಗೆ ಬೇಕಾದ ಪ್ರೋಟೀನ್ ಒಣಕಾಳಿನಲ್ಲಿ ಸಾಕಷ್ಟಿಲ್ಲ. ಮೊಟ್ಟೆ ಒಡೆದ ಕೆಲವೇ ದಿನಗಳಲ್ಲಿ ಮರಿಗಳು ಸತ್ತರೆ ಮೊದಲು ನೋಡಬೇಕಾದ್ದು ಹುಳುವಿನ ಬಟ್ಟಲನ್ನು.

ಉಗುರು ಸಣ್ಣ ವಿಷಯ ಅನ್ನಿಸಬಹುದು. ಒರಟು ಜೊಂಡಿನ ಮೇಲೆ ಸದಾ ಹತ್ತಿ ಇಳಿಯುವ ಹಕ್ಕಿಯ ಉಗುರು ತಾನಾಗಿ ಸವೆಯುತ್ತದೆ. ನುಣುಪಾದ ಪ್ಲಾಸ್ಟಿಕ್ ಕಡ್ಡಿಯ ಮೇಲೆ ಸವೆಯದೆ ಸುರುಳಿಯಾಗಿ ಬೆಳೆದು ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಬೇರೆ ಬೇರೆ ದಪ್ಪದ, ಸಿಪ್ಪೆ ಸುಲಿಯದ ಕೊಂಬೆ ಹಾಕಿದರೆ ಕತ್ತರಿಸುವ ಕೆಲಸ ಅಪರೂಪಕ್ಕೆ ಬರುತ್ತದೆ.

ಮೆದು ಆಹಾರದ ಹಕ್ಕಿಯ ಹೊಟ್ಟೆ

ಕಾಳು ತಿನ್ನುವ ಹಕ್ಕಿಯ ಹೊಟ್ಟೆಯಲ್ಲಿ ಗಟ್ಟಿ ಸ್ನಾಯುವಿನ ಚೀಲವೊಂದಿದೆ, ಕಾಳು ಅಲ್ಲಿ ನುಣ್ಣಗೆ ಅರೆದುಹೋಗುತ್ತದೆ. ಹಣ್ಣು ತಿನ್ನುವ ಹಕ್ಕಿಯ ಕರುಳು ಅದಕ್ಕೆ ತಕ್ಕುದಲ್ಲ. ಹಣ್ಣಿನಲ್ಲಿ ಬಹುಪಾಲು ನೀರು, ಸ್ವಲ್ಪ ಸಕ್ಕರೆ. ಹೊಟ್ಟೆ ತುಂಬಬೇಕಾದರೆ ಬಹಳ ತಿನ್ನಬೇಕು, ಬೇಗ ಬೇಗ ಹೊರಹಾಕಬೇಕು. ಪಿಕಳಾರ ನುಂಗಿದ ಹಣ್ಣಿನ ಬೀಜ ಒಂದು ಗಂಟೆಯೊಳಗೇ ಹಿಕ್ಕೆಯಲ್ಲಿ ಬಿದ್ದಿರುತ್ತದೆ. ಇದರಿಂದ ಎರಡು ಪರಿಣಾಮ. ಒಂದು, ದಿನಕ್ಕೊಮ್ಮೆ ಊಟ ಇಟ್ಟು ಹೋಗುವಂತಿಲ್ಲ. ಬೆಳ್ಗಣ್ಣ, ಸೂರಕ್ಕಿಯಂಥ ಪುಟ್ಟವು ಕೆಲವೇ ಗಂಟೆ ಉಪವಾಸ ಬಿದ್ದರೂ ಸೋತುಹೋಗುತ್ತವೆ. ಎರಡು, ಹಿಕ್ಕೆ ನೀರುನೀರಾಗಿ ಗೋಡೆಗೂ ನೆಲಕ್ಕೂ ಎರಚುತ್ತದೆ. ಒದ್ದೆ ಹಿಕ್ಕೆ, ಕೊಳೆತ ಹಣ್ಣು ಸೇರಿದಲ್ಲಿ ಬೂಷ್ಟು ಬರುತ್ತದೆ. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣಗಳು ಹಕ್ಕಿಯ ಶ್ವಾಸಕೋಶ, ಗಾಳಿಚೀಲಗಳಲ್ಲಿ ಬೇರೂರಿದರೆ ಗುಣಪಡಿಸುವುದು ಬಲು ಕಷ್ಟ. ಸಾಫ್ಟ್‌ಬಿಲ್ ಸಾಕುವವರ ದಿನದ ಅರ್ಧ ಕೆಲಸ ತೊಳೆಯುವುದೇ.

ಸಕ್ಕರೆ ನೀರಿನ ವಿಷಯದಲ್ಲಿ ಬಹಳ ಜನಕ್ಕೆ ತಿಳಿಯದ ಸಂಗತಿಯೊಂದಿದೆ. ನಾವು ಬಳಸುವ ಸಕ್ಕರೆ ಅಂದರೆ ಸುಕ್ರೋಸ್. ಅದನ್ನು ಕರುಳು ಹೀರಿಕೊಳ್ಳಬೇಕಾದರೆ ಮೊದಲು ಗ್ಲುಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯಬೇಕು. ಒಡೆಯುವ ಕಿಣ್ವ ಸೂರಕ್ಕಿಯಲ್ಲಿ ಇದೆ. ಮೈನಾ, ಕಬ್ಬಕ್ಕಿ, ಥ್ರಷ್ ವಂಶದಲ್ಲಿ ಅದು ಇಲ್ಲ. ಸೂರಕ್ಕಿಗೆ ಶಕ್ತಿ ಕೊಡುವ ಸಕ್ಕರೆ ನೀರು ಮೈನಾಕ್ಕೆ ಭೇದಿ ತರುತ್ತದೆ. ಪಪ್ಪಾಯಿ, ದ್ರಾಕ್ಷಿಯಂಥ ಹಣ್ಣುಗಳಲ್ಲಿ ಗ್ಲುಕೋಸ್, ಫ್ರಕ್ಟೋಸ್ ಮೊದಲೇ ಬಿಡಿಯಾಗಿ ಇರುವುದರಿಂದ ಅವು ಮೈನಾಕ್ಕೆ ಒಗ್ಗುತ್ತವೆ. ಹಾಗೆಂದು ಸೂರಕ್ಕಿಯೂ ಬರೀ ಸಕ್ಕರೆ ನೀರಿನಲ್ಲಿ ಬದುಕದು. ಕಾಡಿನಲ್ಲಿ ಅದು ಸಣ್ಣ ಹುಳು, ಜೇಡಗಳನ್ನೂ ಹಿಡಿದು ತಿನ್ನುತ್ತದೆ. ಸಾಕುವಾಗಲೂ ಹಣ್ಣುನೊಣದಂಥ ಪುಟ್ಟ ಕೀಟ ಕೊಡಬೇಕು. ಮಕರಂದದ ಬಟ್ಟಲು ಬಿಸಿಲಿಗೆ ಬೇಗ ಹುಳಿಯುವುದರಿಂದ ದಿನಕ್ಕೆ ಹಲವು ಸಲ ತೊಳೆದು ಹೊಸದು ತುಂಬಬೇಕು.

ಹುಳು ತಿನ್ನುವ ಹಕ್ಕಿಗಳಿಗೆ ಸುಲಭವಾಗಿ ಸಿಗುವ ಮೀಲ್‌ವರ್ಮ್ (ಒಂದು ಬಗೆಯ ದುಂಬಿಯ ಮರಿಹುಳು) ಹಾಕಿ ನೆಮ್ಮದಿಯಾಗಿ ಇರುವವರುಂಟು. ಮೀಲ್‌ವರ್ಮ್‌ನಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಹಕ್ಕಿಗೆ ಬೇಕಾದ್ದು ಇದರ ತಿರುಗುಮುರುಗು. ಅದನ್ನೇ ತಿಂದು ಬೆಳೆದ ಮರಿಯ ಮೂಳೆ ಬಾಗುತ್ತದೆ, ಹೆಣ್ಣಿನ ಮೊಟ್ಟೆ ತೆಳುವಾಗುತ್ತದೆ. ಹುಳುಗಳಿಗೇ ಒಂದೆರಡು ದಿನ ಮುಂಚೆ ಪೌಷ್ಟಿಕ ಆಹಾರ ತಿನ್ನಿಸಿ, ಹಾಕುವ ಹೊತ್ತಿಗೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡುವುದು ಇದಕ್ಕೆ ಇರುವ ದಾರಿ. ಮಿಡತೆ, ಜೀರುಂಡೆ ಎಂದು ಬದಲಿಸುತ್ತಲೂ ಇರಬೇಕು.

ಕಬ್ಬಿಣ ಎಂಬ ಮೆಲ್ಲನೆಯ ವಿಷ

ಟೂಕನ್, ಮೈನಾ ಸಾಕುವವರು ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ್ದು ಕಬ್ಬಿಣ ಶೇಖರಣೆಯ ರೋಗಕ್ಕೆ. ನಮಗೆ ಕಬ್ಬಿಣ ಅಂದರೆ ಬಲ. ಇವುಗಳಿಗೆ ಅದು ಹೇಗೆ ವಿಷವಾಗುತ್ತದೆ?

ಮಳೆಕಾಡಿನ ಹಣ್ಣುಗಳಲ್ಲಿ ಕಬ್ಬಿಣ ಬಹಳ ಕಡಿಮೆ. ಅಲ್ಲಿ ತಲೆಮಾರುಗಳ ಕಾಲ ಬದುಕಿದ ಹಕ್ಕಿಯ ಕರುಳು, ಸಿಕ್ಕ ಚೂರುಪಾರು ಕಬ್ಬಿಣವನ್ನೂ ಬಿಡದೆ ಹೀರಿಕೊಳ್ಳುವಂತೆ ಪಳಗಿದೆ. ಹೆಚ್ಚಾದದ್ದನ್ನು ಹೊರಹಾಕುವ ಸರಿಯಾದ ವ್ಯವಸ್ಥೆ ದೇಹದಲ್ಲಿ ಇಲ್ಲ. ಮುಂಬಾಗಿಲು ಸದಾ ತೆರೆದಿದ್ದು ಹಿಂಬಾಗಿಲೇ ಇಲ್ಲದ ಉಗ್ರಾಣದಂತೆ. ಕಾಡಿನಲ್ಲಿ ಬರುವ ಸರಕೇ ಕಡಿಮೆ, ತೊಂದರೆಯಿಲ್ಲ. ಪಂಜರದಲ್ಲಿ ಕಬ್ಬಿಣ ಬೆರೆಸಿದ ಸಿದ್ಧ ಆಹಾರವನ್ನೋ ನಾಯಿ ಬೆಕ್ಕಿನ ಆಹಾರವನ್ನೋ ದಿನವೂ ಹಾಕಿದರೆ ಉಗ್ರಾಣ ತುಂಬಿ ತುಳುಕುತ್ತದೆ. ಕಬ್ಬಿಣ ಯಕೃತ್ತಿನಲ್ಲಿ ಜಮೆಯಾಗುತ್ತದೆ, ಹೃದಯಕ್ಕೂ ಹಬ್ಬುತ್ತದೆ, ಜೀವಕೋಶಗಳು ಹಾಳಾಗುತ್ತವೆ.

ಇದು ತಿಂಗಳು, ವರ್ಷಗಳ ಕಾಲ ನಡೆದರೂ ಹೊರಗೆ ಏನೂ ಕಾಣುವುದಿಲ್ಲ ಎಂಬುದೇ ಭಯದ ಸಂಗತಿ. ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿ ಊದುತ್ತದೆ, ಹಕ್ಕಿ ಏದುಸಿರು ಬಿಡುತ್ತದೆ. ಕೆಲವು ಹಿಂದಿನ ದಿನದವರೆಗೂ ತಿಂದು ಕುಣಿದು, ಬೆಳಿಗ್ಗೆ ನೋಡಿದರೆ ಸತ್ತು ಬಿದ್ದಿರುತ್ತವೆ. ಮನೆಯವರಿಗೆ ಕಾರಣವೇ ಹೊಳೆಯುವುದಿಲ್ಲ, ಏಕೆಂದರೆ ಅವರು ಪ್ರೀತಿಯಿಂದ ಒಳ್ಳೆಯದನ್ನೇ ಹಾಕಿರುತ್ತಾರೆ.

ತಡೆಯುವುದು ಚಿಕಿತ್ಸೆಗಿಂತ ಎಷ್ಟೋ ಸುಲಭ. ಈ ರೋಗಕ್ಕೆ ಬೇಗ ತುತ್ತಾಗುವ ಹಕ್ಕಿಗಳಿಗೆ ಕೊಡುವ ಸಿದ್ಧ ಆಹಾರದಲ್ಲಿ ಕಿಲೊಗೆ 100 ಮಿಲಿಗ್ರಾಂಗಿಂತ ಕಡಿಮೆ ಕಬ್ಬಿಣವಿರಬೇಕು. ಟೂಕನ್, ಮೈನಾಕ್ಕೆ ಇನ್ನೂ ಕಡಿಮೆ ಇದ್ದಷ್ಟು ಒಳ್ಳೆಯದು. ಪೊಟ್ಟಣದ ಮೇಲಿನ ಸಂಖ್ಯೆ ಓದದೆ ಕೊಳ್ಳಬಾರದು. ವಿಟಮಿನ್ ಸಿ ಕಬ್ಬಿಣ ಹೀರುವುದನ್ನು ಹೆಚ್ಚಿಸುತ್ತದೆ, ಆದ್ದರಿಂದ ಕಿತ್ತಳೆ, ಮೂಸಂಬಿ, ನಿಂಬೆಯ ಜಾತಿಯ ಹಣ್ಣುಗಳನ್ನು ಆಹಾರದೊಡನೆ ಬೆರೆಸಬಾರದು. ರೋಗ ಬೇಗ ಪತ್ತೆಯಾದರೆ ಪಶುವೈದ್ಯರು ಆಗಾಗ ಸ್ವಲ್ಪ ಸ್ವಲ್ಪ ರಕ್ತ ತೆಗೆಯುತ್ತಾರೆ. ಹೋದ ರಕ್ತದ ಬದಲು ಹೊಸ ರಕ್ತ ಮಾಡಲು ದೇಹ ಯಕೃತ್ತಿನಲ್ಲಿ ಕೂಡಿಟ್ಟ ಕಬ್ಬಿಣವನ್ನೇ ಬಳಸಬೇಕಾಗುತ್ತದೆ, ಹಾಗೆ ದಾಸ್ತಾನು ಕರಗುತ್ತದೆ.

ಮನೆಯೊಳಗಿನ ಅಪಾಯಗಳು

ಬೆಣ್ಣೆಹಣ್ಣು ಹಕ್ಕಿಗಳಿಗೆ ವಿಷ, ಹಣ್ಣು ತಿನ್ನುವ ಹಕ್ಕಿಗೂ ಅಷ್ಟೇ. ನಾನ್‌ಸ್ಟಿಕ್ ಪಾತ್ರೆ ಒಲೆಯ ಮೇಲೆ ಅತಿಯಾಗಿ ಕಾದರೆ ಹೊರಡುವ, ನಮ್ಮ ಮೂಗಿಗೆ ತಿಳಿಯದ ಅನಿಲ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಅಡುಗೆಮನೆಯ ಹತ್ತಿರ ಯಾವ ಹಕ್ಕಿಯನ್ನೂ ಇಡಬಾರದು. ಹೊಸದಾಗಿ ತಂದ ಹಕ್ಕಿಯನ್ನು ಕನಿಷ್ಠ 30 ದಿನ ಬೇರೆ ಇಡಬೇಕು. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ತೋರಗೊಡುವುದಿಲ್ಲ. ಗರಿ ಉಬ್ಬಿಸಿಕೊಂಡು ಹಗಲಲ್ಲೂ ತೂಕಡಿಸುವುದು ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು, ಅದೂ ಹಕ್ಕಿಗಳ ಅನುಭವವಿರುವವರ ಬಳಿ. ಹತ್ತಿರದಲ್ಲಿ ಅಂಥವರು ಯಾರೂ ಇಲ್ಲವಾದರೆ ಸಾಕುವ ಯೋಚನೆಯನ್ನೇ ಮುಂದೂಡುವುದು ಮೇಲು.

ಈ ಹಕ್ಕಿ ಎಲ್ಲಿಂದ ಬಂತು?

ಕೊಳ್ಳುವ ಮುಂಚೆ ಕೇಳಲೇಬೇಕಾದ ಪ್ರಶ್ನೆ ಇದು. ಹಕ್ಕಿ ಹಕ್ಕಿಮನೆಯಲ್ಲಿ ಹುಟ್ಟಿದ್ದೋ, ಕಾಡಿನಿಂದ ಬಲೆ ಹಾಕಿ ಹಿಡಿದದ್ದೋ? ತಿಳಿಯಲು ಕಾಲಿನ ಉಂಗುರ ನೋಡಬೇಕು. ಜೋಡಣೆಯ ಗುರುತೇ ಇಲ್ಲದ ಇಡೀ ಉಂಗುರವನ್ನು ಮರಿ ಕೆಲವೇ ದಿನಗಳದ್ದಾಗಿ, ಪಾದ ಇನ್ನೂ ಚಿಕ್ಕದಿರುವಾಗ ಮಾತ್ರ ತೊಡಿಸಲು ಸಾಧ್ಯ. ಕಾಲು ಬೆಳೆದ ಮೇಲೆ ಅದು ಒಳಗೆ ಹೋಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ. ಅಳತೆ ಸರಿಯಿರುವ ಇಂಥ ಉಂಗುರವಿದ್ದರೆ ಆ ಹಕ್ಕಿ ಮನುಷ್ಯರ ಆರೈಕೆಯಲ್ಲೇ ಹುಟ್ಟಿದೆ ಎಂದು ನಂಬಬಹುದು. ಬಾಯಿ ತೆರೆದಿರುವ ಉಂಗುರ ಏನನ್ನೂ ಸಾಬೀತು ಮಾಡುವುದಿಲ್ಲ.

ಕಾನೂನೂ ಇದನ್ನೇ ಕೇಳುತ್ತದೆ. ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಿಂದ ಜಾರಿಯಲ್ಲಿದೆ. ಅಮೆರಿಕ 1992ರ ಕಾಯ್ದೆಯಿಂದ ಕಾಡುಹಕ್ಕಿಗಳ ಆಮದಿಗೆ ಕಡಿವಾಣ ಹಾಕಿತು. ಐರೋಪ್ಯ ಒಕ್ಕೂಟ ಹಕ್ಕಿಜ್ವರದ ಭೀತಿಯಲ್ಲಿ 2005ರಲ್ಲಿ ಹೇರಿದ ನಿಷೇಧವನ್ನು 2007ರಲ್ಲಿ ಕಾಯಂ ಮಾಡಿತು. ಭಾರತದಲ್ಲಿ ಗೀಜಗ, ಪಿಕಳಾರದಂಥ ಇಲ್ಲಿನ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಈ ನಿಯಮಗಳು ಏಕೆ ಬಂದವು ಎಂಬುದಕ್ಕೆ ಆಗ್ನೇಯ ಏಷ್ಯಾ ಸಾಕ್ಷಿ. ಇಂಪಾದ ದನಿಯೇ ಹುಲ್ಲುಬಣ್ಣದ ತಲೆಯ ಪಿಕಳಾರಕ್ಕೆ ಮುಳುವಾಯಿತು. ಒಂದು ಕಾಲಕ್ಕೆ ನದಿದಂಡೆಗಳಲ್ಲಿ ಸಾಮಾನ್ಯವಾಗಿದ್ದ ಅದನ್ನು ಪಂಜರಕ್ಕಾಗಿ ಹಿಡಿದು ಹಿಡಿದು ಜಾವಾ ದ್ವೀಪದಲ್ಲಿ, ಥಾಯ್ಲೆಂಡ್‌ನಲ್ಲಿ ಇಲ್ಲವಾಗಿಸಿದರು. ಈಗ ಅದು ಅಳಿವಿನ ತೀವ್ರ ಅಪಾಯದ ಪಟ್ಟಿಯಲ್ಲಿದೆ. ಬಾಲಿ ದ್ವೀಪದ ಬಿಳಿ ಮೈನಾ ಕೂಡ ಬಲೆಗಾರರ ಕೈಯಲ್ಲಿ ಸಿಕ್ಕಿ 2001ರ ಹೊತ್ತಿಗೆ ಕಾಡಿನಲ್ಲಿ ಬೆರಳೆಣಿಕೆಯಷ್ಟು ಉಳಿದಿತ್ತು. ಅದರ ಸಂತತಿಯನ್ನು ಉಳಿಸಿದ್ದೂ ಸಾಕಣೆಯೇ. ಮೃಗಾಲಯಗಳಲ್ಲಿ, ಪರಿಣತರ ಹಕ್ಕಿಮನೆಗಳಲ್ಲಿ ಹುಟ್ಟಿದ ಮರಿಗಳನ್ನು ಮರಳಿ ಬಾಲಿಯಲ್ಲಿ ಬಿಡಲಾಯಿತು. ಅವು ಬದುಕಿದ್ದು ಮೇಲೆ ಹೇಳಿದಂಥ ಆಹಾರದ ಲೆಕ್ಕ, ರೋಗದ ಎಚ್ಚರ, ಯಾವ ಹಕ್ಕಿ ಯಾರ ಮರಿ ಎಂಬ ದಾಖಲೆ ಎಲ್ಲವನ್ನೂ ಬಿಡದೆ ಪಾಲಿಸಿದ್ದರಿಂದ.

ಸಾಕಲಾಗದಿದ್ದರೆ ಹಾರಿಬಿಡಬಹುದೇ?

ಬಾರದು. ಬಾಲಿಯಲ್ಲಿ ನಡೆದದ್ದು ಆ ಹಕ್ಕಿಯ ಸ್ವಂತ ನೆಲದಲ್ಲಿ, ತರಬೇತಿ ಮತ್ತು ಕಾವಲಿನೊಡನೆ ನಡೆದ ಕೆಲಸ. ಪಂಜರದಲ್ಲಿ ಹುಟ್ಟಿದ ಹಕ್ಕಿಯನ್ನು ಸುಮ್ಮನೆ ಹೊರಗೆ ಬಿಟ್ಟರೆ ಅದು ಆಹಾರ ಹುಡುಕಲು ತಿಳಿಯದೆ ಸಾಯುವ ಸಾಧ್ಯತೆಯೇ ಹೆಚ್ಚು. ಬದುಕಿ ಬೇರೂರಿದರೆ ತೊಂದರೆ ಇನ್ನೂ ದೊಡ್ಡದು. ಆಫ್ರಿಕಾದಿಂದ ಕೆರಿಬಿಯನ್ನಿನ ಹಿಸ್ಪಾನಿಯೋಲಾ ದ್ವೀಪಕ್ಕೆ ಹೋದ ವಿಲೇಜ್ ವೀವರ್ ಅಲ್ಲಿ ಭತ್ತದ ಗದ್ದೆಗಳಿಗೆ ಪಿಡುಗಾಯಿತು. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಹಕ್ಕಿಗಳು ಮೂರೇ. ಅವುಗಳಲ್ಲಿ ಎರಡು ನಮ್ಮ ಸಾಮಾನ್ಯ ಮೈನಾ ಮತ್ತು ಕೆಂಪು ಬಾಲದ ಬುಡದ ಪಿಕಳಾರ. ತಮ್ಮದಲ್ಲದ ನೆಲದಲ್ಲಿ ಇವು ಸ್ಥಳೀಯ ಹಕ್ಕಿಗಳ ಪೊಟರೆ ಕಿತ್ತುಕೊಳ್ಳುತ್ತವೆ, ಹಣ್ಣಿನ ತೋಟ ಹಾಳು ಮಾಡುತ್ತವೆ, ಕಳೆಗಿಡಗಳ ಬೀಜ ಹರಡುತ್ತವೆ.

ಸಾಕಲು ಆಗದ ಸ್ಥಿತಿ ಬಂದರೆ ಹಕ್ಕಿಯನ್ನು ಕೊಟ್ಟ ತಳಿಗಾರರಿಗೇ ಮರಳಿಸಬೇಕು, ಅಥವಾ ಅದೇ ಪ್ರಭೇದವನ್ನು ಸಾಕಿ ಗೊತ್ತಿರುವ, ಪರವಾನಗಿ ಇರುವ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಬೇಕು. ಒಪ್ಪಿಸುವಾಗ ಉಂಗುರದ ಸಂಖ್ಯೆ, ವಯಸ್ಸು, ಇದುವರೆಗೆ ತಿನ್ನಿಸಿದ ಆಹಾರ ಯಾವುದು ಎಂಬುದನ್ನು ಬರೆದು ಕೊಟ್ಟರೆ, ಟೂಕನ್ ಮೈನಾಗಳ ವಿಷಯದಲ್ಲಿ ಯಕೃತ್ತಿನ ಪರೀಕ್ಷೆ ಬೇಕೋ ಬೇಡವೋ ಎಂದು ಅಲ್ಲಿನ ವೈದ್ಯರು ಮೊದಲ ದಿನವೇ ತೀರ್ಮಾನಿಸಬಹುದು.